ಸಫಾರಿಯೇ ಇರಲಿ ಎಂದೆ

ಮೊದಲು ಹಿಂದಿನ ಗೇಟು ಮುಚ್ಚುವ ಸದ್ದು. ಕಬ್ಬಿಣದ ಚಕ್ರ ಹಳಿಯ ಮೇಲೆ ಕಿರ್ರನೆ ಉರುಳಿ ಬಂದು ಕಂಬಕ್ಕೆ ಧಡ್ಡನೆ ಬಡಿಯುವುದು. ಆಮೇಲೆ ಬಸ್ಸಿನ ಇಂಜಿನ್ನು ಗುರುಗುಟ್ಟುವುದೊಂದನ್ನು ಬಿಟ್ಟರೆ ಏನೂ ಇಲ್ಲ; ಅಷ್ಟೊಂದು ಮಕ್ಕಳಿದ್ದರೂ ಒಂದೂ ಉಸಿರೆತ್ತುವುದಿಲ್ಲ. ಆಮೇಲೆ ಮುಂದಿನ ಗೇಟು ತೆರೆಯುವ ಸದ್ದು. ಬನ್ನೇರುಘಟ್ಟದ ಸಫಾರಿಯಲ್ಲಿ ಹುಲಿಗಳಿರುವ ಕಡೆಗೆ ಹೋಗುವ ಮುನ್ನ ಬಸ್ಸನ್ನು ಹೀಗೆ ಎರಡು ಗೇಟುಗಳ ನಡುವೆ ನಿಲ್ಲಿಸುತ್ತಾರೆ. ಆ ದಿನದ್ದೆಂದು ನನ್ನಲ್ಲಿ ಉಳಿದಿರುವುದು ಹೆಚ್ಚಾಗಿ ಇಂಥ ಸದ್ದುಗಳೇ. ಏನು ನೋಡಿದಿರಿ ಎಂದು ಯಾರಾದರೂ ಕೇಳಿದರೆ ಹೇಳುವುದಕ್ಕೆ ನನ್ನ ಬಳಿ ಬಹಳ ಇಲ್ಲ.

ಇದನ್ನು ನಾನು ಫೋನಿಗೆ ಹೇಳುತ್ತಿದ್ದೇನೆ, ಅದು ಬರೆದುಕೊಳ್ಳುತ್ತಿದೆ. ನಡುನಡುವೆ ಇಂಗ್ಲಿಷ್ ನುಸುಳಿದರೆ ಓದುವವರು ಕ್ಷಮಿಸಬೇಕು. ಆಟದ ಹೊತ್ತಿನಲ್ಲೂ ಕನ್ನಡ ಆಡಕೂಡದು ಎನ್ನುತ್ತಿದ್ದ ಕಾನ್ವೆಂಟಿನಲ್ಲಿ ಓದಿದವಳು ನಾನು. ಕನ್ನಡವನ್ನು ಮನೆಯ ಅಡುಗೆಮನೆಯಲ್ಲಿ ಕಲಿತೆ. ಮ್ಯಾನರ್ಸನ್ನು ಶಾಲೆಯಲ್ಲಿ ಕಲಿತೆ. ಕಷ್ಟ ಬಂದರೆ ಮುಖದಲ್ಲಿ ತೋರಿಸಬಾರದು, ಡೋಂಟ್ ಮೇಕ್ ಎ ಫಸ್, ಯಾರು ಏನು ತೋರಿಸಿದರೂ ಹೌ ಲವ್ಲಿ ಎನ್ನಬೇಕು. ಇನ್ನೊಂದು ಕಲಿತದ್ದು ಬೈಹಾರ್ಟ್ ಮಾಡುವುದು. ಪುಟಗಟ್ಟಲೆ ಗದ್ಯವನ್ನು ಒಮ್ಮೆ ಕೇಳಿದರೆ ಸಾಕು, ಮರುದಿನ ಎದ್ದುನಿಂತು ಒಪ್ಪಿಸುತ್ತಿದ್ದೆ. ಎಲೊಕ್ಯೂಷನ್ ಬಹುಮಾನಗಳು ಇನ್ನೂ ಎಲ್ಲೋ ಅಟ್ಟದ ಮೇಲಿರಬೇಕು. ಆ ವಿದ್ಯೆಯೇ ನನ್ನನ್ನು ಕೊನೆಗೆ ಹಾಳು ಮಾಡಿತು. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ನಾನು ಇರುವುದು ಜಯನಗರದಲ್ಲಿ, ಮೊದಲ ಮಹಡಿಯ ಎರಡು ರೂಮಿನ ಮನೆ. ಮಗಳು, ಅಳಿಯ ಜೆ.ಪಿ. ನಗರದಲ್ಲಿ. ಅವರಿಗೆ ಎರಡು ಮಕ್ಕಳು: ದೊಡ್ಡವಳಿಗೆ ಆಗ ಏಳು ವರ್ಷ, ಚಿಕ್ಕವನಿಗೆ ನಾಲ್ಕು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಸ್ಕೂಲ್ ವ್ಯಾನು ಮಧ್ಯಾಹ್ನ ಮೂರಕ್ಕೆ ಮಕ್ಕಳನ್ನು ನನ್ನ ಗೇಟಿನ ಮುಂದೆ ಇಳಿಸುತ್ತಿತ್ತು, ಏಳಕ್ಕೆ ಮಗಳು ಬಂದು ಕರೆದುಕೊಂಡು ಹೋಗುತ್ತಿದ್ದಳು. ಆ ನಾಲ್ಕು ಗಂಟೆಗಳೇ ನನ್ನ ದಿನ. ಬೆಳಗ್ಗಿನಿಂದ ಮೂರರವರೆಗೆ ನಾನು ಮಾಡುತ್ತಿದ್ದದ್ದೆಲ್ಲ ಅದಕ್ಕೆ ತಯಾರಿ. ಚಿಕ್ಕವನಿಗೆ ಅವಲಕ್ಕಿಗೆ ಬೆಲ್ಲ ಬೇಕು, ಅವಳಿಗೆ ಖಾರ. ಅವಳು ಹೋಮ್‌ವರ್ಕ್ ಮಾಡುವಾಗ ನನ್ನ ತೊಡೆಗೆ ಬೆನ್ನು ಒರಗಿಸಿಕೊಂಡೇ ಕೂರಬೇಕು. ಟೇಬಲ್ಲಿನಲ್ಲಿ ಕೂತರೆ ಅಕ್ಷರ ದುಂಡಗೆ ಬರುವುದಿಲ್ಲವಂತೆ.

ಆ ವರ್ಷ ಬೇಸಿಗೆಯಲ್ಲಿ ಕಿಟಕಿಯ ಸರಳು ಬಾಗತೊಡಗಿತು. ಮೊದಲು ಸರಳೇ ಬಾಗಿದೆಯೆಂದುಕೊಂಡು ಕೈಯಿಂದ ಮುಟ್ಟಿ ನೋಡಿದೆ. ನೆಟ್ಟಗೇ ಇತ್ತು. ಬಾತ್‌ರೂಮಿನ ಟೈಲ್ಸಿನ ಗೆರೆಗಳು ನೀರಿನಲ್ಲಿ ಬಿದ್ದ ದಾರದ ಹಾಗೆ ಅಲುಗಿದವು. ಆಮೇಲೆ, ಯಾವುದನ್ನು ನೇರವಾಗಿ ನೋಡಿದರೂ ಅದರ ನಡುವಿಗೆ ಯಾರೋ ಒದ್ದೆ ಹೆಬ್ಬೆರಳು ಒತ್ತಿ ಉಜ್ಜಿದ ಹಾಗೆ ಒಂದು ಕಲೆ. ಸುತ್ತಲಿನದೆಲ್ಲ ಕಾಣುತ್ತಿತ್ತು: ಮೆಟ್ಟಿಲು, ಬಾಗಿಲು, ಓಡಾಡುವವರ ಸೀರೆಯ ಬಣ್ಣ. ಆದ್ದರಿಂದ ಎಡವುತ್ತಿರಲಿಲ್ಲ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಂಗ್ಲಿಷ್ ಪೇಪರಿನ ಕ್ರಾಸ್‌ವರ್ಡ್ ಬಿಟ್ಟೆ. ಯಾಕಮ್ಮಾ ಎಂದು ಮಗಳು ಕೇಳಿದ್ದಕ್ಕೆ, ಈಗಿನೋರಿಗೆ ಕ್ಲೂ ಕೊಡೋಕೇ ಬರಲ್ಲ ಎಂದೆ. ನಕ್ಕಳು.

ಅವಳಿಗೆ ಯಾಕೆ ಹೇಳಲಿಲ್ಲ? ಆ ಬೇಸಿಗೆಯಲ್ಲೇ ಒಂದು ಸಂಜೆ ಅವಳು ಬ್ಯಾಗಿಗೆ ಮಕ್ಕಳ ಟಿಫನ್ ಡಬ್ಬಿ ತುಂಬುತ್ತಾ, ಅವರ ಅಪಾರ್ಟ್‌ಮೆಂಟಿನ ಯಾರದೋ ಮನೆಯ ಸಂಗತಿ ಹೇಳಿದ್ದಳು. ಅಲ್ಲಿನ ಅಜ್ಜಿಗೆ ಮಧ್ಯಾಹ್ನ ಕೂತಲ್ಲೇ ನಿದ್ದೆ ಹತ್ತಿದೆ, ಮಗು ಬಾಗಿಲು ತೆಗೆದುಕೊಂಡು ರಸ್ತೆಗೆ ಹೋಗಿಬಿಟ್ಟಿದೆ. "ಮಾರನೇ ದಿನಾನೇ ಡೇ ಕೇರ್‌ಗೆ ಹಾಕ್‌ಬಿಟ್ರಮ್ಮ. ಪಾಪ ಆ ಅಜ್ಜಿ. ಆದ್ರೆ ಇನ್ನೇನ್ ಮಾಡ್ತಾರೆ ಹೇಳು?" ಎಂದಳು. ನಾನು ಹೌದು ಹೌದು, ಇನ್ನೇನು ಮಾಡ್ತಾರೆ ಎಂದೆ. ನನ್ನ ಕಣ್ಣಿನ ವಿಷಯ ತಿಳಿದ ಮಾರನೇ ದಿನ ನನ್ನ ಮೂರು ಗಂಟೆಗೆ ವ್ಯಾನು ಬರುವುದಿಲ್ಲ ಎಂಬುದು ಆಗಲೇ ನನಗೆ ಗೊತ್ತಾಯಿತು.

ದಸರಾ ರಜಕ್ಕೆ ಮಕ್ಕಳನ್ನು ಬನ್ನೇರುಘಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮಗಳು ಮಾತು ಕೊಟ್ಟಿದ್ದಳು. ಹಿಂದಿನ ಭಾನುವಾರ ನನ್ನ ಮನೆಯಲ್ಲಿ ಊಟಕ್ಕೆ ಕೂತಾಗ ಚರ್ಚೆ ಶುರುವಾಯಿತು. ಅಲ್ಲಿ ನಡೆದು ನೋಡುವ ಝೂ ಇದೆ, ಬಸ್ಸಿನಲ್ಲಿ ಕೂತು ನೋಡುವ ಸಫಾರಿ ಇದೆ. ಇಷ್ಟು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಒಂದೇ ದಿನ ಎರಡೂ ಆಗುವ ಮಾತಲ್ಲ.

"ಝೂನೇ ಬೆಟರ್," ಎಂದಳು ಮಗಳು. "ಚಿಕ್ಕೋನು ಬಸ್ಸಲ್ಲಿ ಅಷ್ಟೊತ್ತು ಕೂರ್ತಾನಾ? ಮಧ್ಯದಲ್ಲಿ ಸುಸ್ಸು ಅಂದ್ರೆ ಹುಲಿ ಎದುರಿಗೆ ಇಳಿಸ್ತಾರಾ? ಝೂ ಆದ್ರೆ ಸುಸ್ತಾದಾಗ ಕೂತ್ಕೋಬೋದು, ಐಸ್‌ಕ್ರೀಮ್ ತಿನ್ಬೋದು."

ಅಳಿಯ ಮಜ್ಜಿಗೆ ಕಲಸುತ್ತಾ, "ಸಫಾರೀಲಿ ಪ್ರಾಣಿ ಕಂಡ್ರೆ ಕಂಡ್ತು, ಇಲ್ದಿದ್ರೆ ಪೊದೆ ನೋಡ್ಕೊಂಡ್ ಬರ್ಬೇಕು. ಝೂನಲ್ಲಿ ಗ್ಯಾರಂಟಿ. ಬೋನಲ್ಲಿರೋದು ಪಾಪ ಎಲ್ಲಿಗ್ ಹೋಗುತ್ತೆ?" ಎಂದ.

"ಝೂ, ಝೂ!" ಎಂದು ದೊಡ್ಡವಳು ಕುಣಿದಳು. ಸ್ಕೂಲಿನಲ್ಲಿ ಪ್ರಾಜೆಕ್ಟ್ ಇತ್ತು, ಅದಕ್ಕೆಂದು ಹೊಸ ನೋಟ್‌ಬುಕ್ ಕೂಡ ತಂದಿದ್ದಳು. "ಪ್ರತಿ ಬೋನಿನ್ ಮುಂದೆ ಬೋರ್ಡ್ ಇರುತ್ತಲ್ಲಾ, ಅಜ್ಜಿ ಓದ್ಲಿ, ನಾನ್ ಬರ್ಕೋತೀನಿ. ಅಜ್ಜಿ ಓದಿದ್ರೆ ಟಿವಿಲಿ ಓದ್ದಂಗಿರುತ್ತೆ."

"ನಂಗೆ ಬಸ್ಸು," ಎಂದ ಚಿಕ್ಕವನು. ಅವನಿಗೆ ಪ್ರಾಣಿಗಳೇ ಬೇಕಿರಲಿಲ್ಲ. ಬಸ್ಸು ಇದ್ದರೆ ಸಾಕಿತ್ತು.

ನಾನು ಝೂವನ್ನು ಮನಸ್ಸಿನಲ್ಲೇ ನಡೆದು ನೋಡಿದೆ. ಅಷ್ಟಗಲದ ಜಾಗ, ರಜದ ಜನಜಂಗುಳಿ, ಒಬ್ಬಳು ಬಲಕ್ಕೆ ಓಡುತ್ತಾಳೆ, ಒಬ್ಬ ಎಡಕ್ಕೆ. ಪ್ರತಿ ಬೋರ್ಡಿನ ಮುಂದೂ ನೋಟ್‌ಬುಕ್ ಹಿಡಿದು ಓದು ಅಜ್ಜಿ ಎಂದು ಕಾಯುವ ಹುಡುಗಿ. ಬಸ್ಸೆಂದರೆ ಬಾಗಿಲು ಹಾಕಿರುತ್ತದೆ, ಕಿಟಕಿಗೆ ಬಲೆ ಇರುತ್ತದೆ, ಇಬ್ಬರೂ ನನ್ನ ಮೈಗಂಟಿಕೊಂಡು ಕೂತಿರುತ್ತಾರೆ. ಯಾರೂ ಕಳೆದುಹೋಗುವುದಿಲ್ಲ, ಓದುವುದಕ್ಕೆ ಏನೂ ಇರುವುದಿಲ್ಲ.

"ಸಫಾರಿಯೇ ಇರಲಿ," ಎಂದೆ. "ಕೇಜಲ್ಲಿ ಹಾಕಿದ ಪ್ರಾಣೀನ ಮಕ್ಕಳಿಗೆ ತೋರ್ಸೋದು ನಂಗಿಷ್ಟ ಇಲ್ಲ. ಇಟ್ ಈಸ್ ಕ್ರೂಯೆಲ್. ಸಫಾರೀಲಿ ನಾವು ಬೋನಲ್ಲಿರ್ತೀವಿ, ಅವು ಆರಾಮಾಗಿ ಓಡಾಡ್ಕೊಂಡಿರ್ತವೆ. ಮಕ್ಕಳು ಕಲಿಬೇಕಾದ್ದು ಅದು."

"ಶುರುವಾಯ್ತಪ್ಪಾ ಕಾನ್ವೆಂಟ್ ಸರ್ಮನ್ನು," ಎಂದಳು ಮಗಳು. ಆದರೆ ಅವಳ ದನಿಯಲ್ಲಿ ಮೆಚ್ಚುಗೆಯಿತ್ತು. "ನಮ್ಮಮ್ಮ ನೋಡಿ, ಈ ವಯಸ್ಸಲ್ಲೂ ಹೆಂಗ್ ಯೋಚ್ನೆ ಮಾಡ್ತಾಳೆ," ಎಂದು ಗಂಡನಿಗೆ ಹೇಳಿದಳು. ದೊಡ್ಡವಳು ನೋಟ್‌ಬುಕ್ಕನ್ನು ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. ಅಜ್ಜಿ ಹೇಳಿದ್ದು ಸರಿಯೇ ಇರಬೇಕು ಎಂದುಕೊಂಡಿರಬೇಕು. ಪ್ರಾಣಿಗಳ ಮೇಲಿನ ದಯೆಯ ಬಗ್ಗೆ ನಾನು ಅಷ್ಟು ಚೆನ್ನಾಗಿ ಮಾತನಾಡಿದ್ದು ಅದೇ ಮೊದಲು, ಅದೇ ಕೊನೆ.

ಹೊರಡುವ ಹಿಂದಿನ ದಿನ ಮಗಳ ಆಫೀಸಿನಲ್ಲಿ ಏನೋ ಗಡಿಬಿಡಿ. ಮುಂದಕ್ಕೆ ಹಾಕೋಣ ಎಂದಳು. ಚಿಕ್ಕವನು ನೆಲಕ್ಕೆ ಬಿದ್ದು ಹೊರಳಾಡಿದ. ನಾನೇ ಕರ್ಕೊಂಡ್ ಹೋಗ್ತೀನಿ ಬಿಡು, ಬಸ್ಸಲ್ಲಿ ಕೂರೋದು ತಾನೇ ಎಂದುಬಿಟ್ಟೆ. ಅದು ಜಂಬವೋ ಭಯವೋ ನನಗೆ ಇವತ್ತಿಗೂ ತಿಳಿಯದು. ಆಗಲ್ಲ ಎಂದರೆ ಯಾಕೆ ಎಂದು ಕೇಳುತ್ತಿದ್ದಳು.

ಗೊತ್ತಿದ್ದ ಕ್ಯಾಬಿನವನು ಕರೆದುಕೊಂಡು ಹೋಗಿ, ಅಲ್ಲೇ ಕಾದಿದ್ದು ವಾಪಸು ಕರೆತರುವುದೆಂದು ಮಾತಾಯಿತು. ಮಕ್ಕಳ ತಲೆಗೆ ಎರಡು ಹಳದಿ ಟೋಪಿ ಹಾಕಿದೆ. ಮುಖ ಕಾಣದಿದ್ದರೂ ಹಳದಿ ಬಣ್ಣ ಕಣ್ಣಂಚಿನಲ್ಲಿ ಸಿಗುತ್ತದೆ ಎಂಬುದು ನನ್ನ ಲೆಕ್ಕಾಚಾರ. ಎಷ್ಟು ಬುದ್ಧಿವಂತೆ ನಾನು ಎಂದುಕೊಂಡಿದ್ದೆ.

ಬಸ್ಸಿನಲ್ಲಿ ನಮ್ಮ ಪಕ್ಕದ ಸಾಲಿನಲ್ಲಿ ಉತ್ತರ ಕರ್ನಾಟಕದ ಕಡೆಯ ಗಂಡ ಹೆಂಡತಿ, ಅವರ ಮಡಿಲಲ್ಲಿ ಒಬ್ಬ ಮಗ. ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ, ಬಂದು ಎರಡು ವರ್ಷ ಎಂದು ಆಕೆ ತಾನಾಗಿ ಹೇಳಿದಳು. ಬಾಯ್ತುಂಬ ಮಾತಿನ ಹೆಣ್ಣು. "ಅಜ್ಜಿ, ಬಲಕ್ಕ ನೋಡ್ರಿ, ಆನಿ ಮರಿ! ತಾಯಿ ಹೊಟ್ಟಿ ಕೆಳಗ ಹೆಂಗ ನಿಂತೈತಿ ನೋಡ್ರಿ!" ನಾನು ಬಲಕ್ಕೆ ತಿರುಗಿ, ಅಯ್ಯೋ ಮುದ್ದೇ, ಹೌ ಸ್ವೀಟ್ ಎಂದೆ. ಬೂದು ಬಣ್ಣದ ದೊಡ್ಡದೊಂದು ಸರಿದಾಡಿದ್ದು ಕಂಡಿತ್ತು. ಮರಿಯನ್ನು ಅವಳ ಮಾತಿನಿಂದ ತೆಗೆದುಕೊಂಡೆ. ಜಿಂಕೆ, ಕರಡಿ, ಸಿಂಹ ಎಲ್ಲವನ್ನೂ ಹೀಗೇ ನೋಡಿದೆ. ಯಾರು ಯಾವ ಕಡೆ ಕೂಗುತ್ತಾರೋ ಆ ಕಡೆ ತಿರುಗುವುದು, ಅವರು ಹೇಳಿದ್ದಕ್ಕೆ ಒಂದು ವಿಶೇಷಣ ಸೇರಿಸುವುದು. ಎಲ್ಲವೂ ಸುಸೂತ್ರವಾಗಿ ನಡೆಯುತ್ತಿತ್ತು.

ಎರಡು ಗೇಟುಗಳ ನಡುವೆ ನಿಂತು, ಒಳಗೆ ಹೋದೆವು. ಸ್ವಲ್ಪ ದೂರ ಹೋಗಿ ಡ್ರೈವರು ನಿಲ್ಲಿಸಿದ. "ಎಡಗಡೆ, ನೀರಿನ ತೊಟ್ಟಿ ಪಕ್ಕ. ಯಾರೂ ಬಲೆಗೆ ಕೈ ಹಾಕ್ಬೇಡಿ ಸಾರ್." ಬಸ್ಸಿನ ಭಾರವೆಲ್ಲ ಎಡಕ್ಕೆ ವಾಲಿತು. ಹುಲಿ, ಹುಲಿ ಎಂದು ಕಿರಿಚಾಟ. ಚಿಕ್ಕವನು ನನ್ನ ತೊಡೆಯ ಮೇಲೆ ನಿಂತು, "ಅಜ್ಜಿ, ಕಾಣ್ತಾ? ಕಾಣ್ತಾ?" ಎಂದು ಗಲ್ಲ ಹಿಡಿದು ತಿರುಗಿಸಿದ.

"ಕಾಣ್ತು, ಕಾಣ್ತು! ವಾಟ್ ಎ ಬ್ಯೂಟಿ! ಆ ಕೇಸರಿ ಬಣ್ಣ ನೋಡೋ, ಬೆಂಕಿ ಇದ್ದಂಗಿದೆ!"

ಯಾರೋ ಕಿಸಕ್ಕೆಂದರು.

"ಅಜ್ಜಿ," ಎಂದಳು ದೊಡ್ಡವಳು ಮೆಲ್ಲಗೆ, "ಅದು ಬಿಳಿ ಹುಲಿ."

ನಾನು ನಕ್ಕೆ. ತಮಾಷೆಗೆ ಅಂದೆ, ನೀನು ಗಮನ ಕೊಡ್ತಿದೀಯೋ ಇಲ್ವೋ ನೋಡೋಕೆ ಎಂದೆ. ಅವಳು ನಗಲಿಲ್ಲ. ಬಸ್ಸು ಮುಂದೆ ಹೊರಟಿತು. ಸ್ವಲ್ಪ ಹೊತ್ತಿನ ಮೇಲೆ ಅವಳು ನನ್ನ ಮುಖದ ಮುಂದೆ ಕೈ ಹಿಡಿದದ್ದು ಗೊತ್ತಾಯಿತು. "ಎಷ್ಟು ಬೆರಳು ಅಜ್ಜಿ?" ಎಂದು ಕಿವಿಯಲ್ಲಿ ಕೇಳಿದಳು. ಮೂರು ಎಂದೆ. ಅವಳು ಕೈ ಮಡಚಿ ಮಡಿಲಲ್ಲಿಟ್ಟುಕೊಂಡಳು. ಎಷ್ಟು ಬೆರಳಿದ್ದವೋ ಅವಳು ನನಗೆ ಹೇಳಲೇ ಇಲ್ಲ.

ಇಳಿಯುವಾಗ ನೂಕುನುಗ್ಗಲು. ಅವಳನ್ನು ಬಲಗೈಯಲ್ಲಿ ಹಿಡಿದಿದ್ದೆ. ಮೆಟ್ಟಿಲು ಇಳಿಯಲು ಕಂಬಿ ಹಿಡಿಯಬೇಕಾದ್ದರಿಂದ ಚಿಕ್ಕವನ ಕೈಯನ್ನು ಒಂದು ಗಳಿಗೆ ಬಿಟ್ಟೆ. ನೆಲ ಮುಟ್ಟಿದ ಮೇಲೆ ಕಣ್ಣಂಚಿನಲ್ಲಿ ಹಳದಿ ಟೋಪಿ ಕಂಡಿತು, ಪುಟ್ಟ ಕೈಯೊಂದು ಸಿಕ್ಕಿತು, ಹಿಡಿದುಕೊಂಡು ನಡೆದೆ. "ಬಾ ಕಂದ, ಐಸ್‌ಕ್ರೀಮ್ ಕೊಡಿಸ್ತೀನಿ," ಎಂದೆ. ಹತ್ತು ಹೆಜ್ಜೆ ನಡೆದಿರಬಹುದು. ಹಿಂದಿನಿಂದ ಯಾರೋ ನನ್ನ ಭುಜ ಹಿಡಿದು ಜಗ್ಗಿದರು.

"ಏ ಅಜ್ಜಿ! ನನ್ನ ಮಗನ್ನ ಎಲ್ಲಿಗೆ ಒಯ್ಯಾಕ್ಹತ್ತೀಯ?"

ಗೇಟಿನ ಬಳಿ ಅಂಥ ಹಳದಿ ಟೋಪಿಗಳನ್ನು ರಾಶಿ ಹಾಕಿ ಮಾರುತ್ತಿದ್ದರಂತೆ. ಬಸ್ಸಿನಲ್ಲಿದ್ದ ಅರ್ಧ ಮಕ್ಕಳ ತಲೆಯ ಮೇಲೂ ಅದೇ. ಜನ ಸೇರಿತು. ಐಸ್‌ಕ್ರೀಮ್ ಅಂತ ಆಸೆ ತೋರಿಸ್ತಿದ್ಲು, ನಾನೇ ಕೇಳಿಸ್ಕೊಂಡೆ ಎಂದಿತು ಒಂದು ಗಂಡು ದನಿ. ಮಕ್ಕಳ ಕಳ್ಳರು ಈಗ ಹಿಂಗೇ ಬರ್ತಾರೆ, ಒಳ್ಳೇ ಮನೆಯೋರ ಥರ ಎಂದಿತು ಇನ್ನೊಂದು. ದೊಡ್ಡವಳು ನನ್ನ ಕೈ ಕಿತ್ತುಕೊಂಡು, ತಮ್ಮನ ಹೆಸರು ಕೂಗುತ್ತಾ ಬಸ್ಸಿನ ಕಡೆ ಓಡಿದಳು. ಆ ಕೂಗು ದೂರವಾದದ್ದು ಕೇಳುತ್ತಿತ್ತು. ಈಗ ಇಬ್ಬರೂ ನನ್ನ ಬಳಿ ಇರಲಿಲ್ಲ. ಎಲ್ಲ ಕಡೆ ಬಣ್ಣಗಳು ಸರಿದಾಡುತ್ತಿದ್ದವು, ಯಾವುದರ ಮೇಲೂ ಮುಖವಿರಲಿಲ್ಲ.

ಅವನು ಬಸ್ಸಿನಲ್ಲೇ ಇದ್ದ. ಇನ್ನೊಂದು ರೌಂಡು ಹೋಗೋಣವೆಂದು ಡ್ರೈವರಿನ ಹಿಂದಿನ ಸೀಟಿನಲ್ಲಿ ಕಾಲಾಡಿಸುತ್ತಾ ಕೂತಿದ್ದನಂತೆ. ಅಕ್ಕ ಅವನನ್ನು ದರದರ ಎಳೆದುಕೊಂಡು ಬಂದಳು. ಜನ ಚದುರಿತು. ಆ ಬಿಟಿಎಂನ ಹೆಂಗಸು ಮಾತ್ರ ಹೋಗಲಿಲ್ಲ. ತನ್ನ ಮಗನನ್ನು ಸೊಂಟಕ್ಕೇರಿಸಿಕೊಂಡು ನನ್ನ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದಳು: "ಕಣ್ಣು ಕಾಣಂಗಿಲ್ಲೇನ್ರಿ ಅಜ್ಜಿ ನಿಮಗ? ಮನ್ಯಾಗ ಯಾರಿಗೂ ಹೇಳಿಲ್ಲೇನು?"

ಅಷ್ಟು ನೇರವಾಗಿ, ಅಷ್ಟು ಮರುಕದಿಂದ ಯಾರೂ ನನ್ನನ್ನು ಕೇಳಿರಲಿಲ್ಲ. ಹೌದು ಕಣಮ್ಮ ಎಂದಿದ್ದರೆ ಅವಳೇ ನನ್ನ ಫೋನಿನಿಂದ ಮಗಳಿಗೆ ಹೇಳಿಬಿಡುತ್ತಿದ್ದಳು. ಅಂದೇ ಹೇಳಿಬಿಟ್ಟಿದ್ದರೆ ಎಂದು ಈಗ ದಿನಕ್ಕೆ ಎಷ್ಟು ಸಲ ಯೋಚಿಸುತ್ತೇನೋ ಲೆಕ್ಕವಿಲ್ಲ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, "ಐ ಆಮ್ ಪರ್ಫೆಕ್ಟ್‌ಲಿ ಆಲ್‌ರೈಟ್, ಥ್ಯಾಂಕ್ಯೂ," ಎಂದೆ. ಆಕೆಗೆ ಅಷ್ಟು ಇಂಗ್ಲಿಷು ಅರ್ಥವಾಗುತ್ತಿತ್ತು. ಸರಿ ಬಿಡ್ರಿ ಎಂದು ಹೊರಟುಹೋದಳು.

ಕ್ಯಾಬಿನಲ್ಲಿ ಚಿಕ್ಕವನು ನಿದ್ದೆಹೋದ. ಗೊಟ್ಟಿಗೆರೆ ದಾಟಿತು. ಆಮೇಲೆ ನಾನು ದೊಡ್ಡವಳ ಕೈಯನ್ನು ನನ್ನ ಮಡಿಲಿಗೆ ತೆಗೆದುಕೊಂಡು, ನನ್ನ ಜೀವನದಲ್ಲಿ ಮಾಡಬಾರದಿದ್ದ ಕೆಲಸ ಮಾಡಿದೆ.

"ಅಮ್ಮಂಗೆ ಹೇಳ್ಬೇಡ ಪುಟ್ಟಿ. ಹೇಳಿದ್ರೆ ನಿಮ್ಮನ್ನ ನನ್ನ ಹತ್ರ ಬಿಡಲ್ಲ."

"ಡಾಕ್ಟ್ರಿಗೂ ಹೇಳ್ಬಾರ್ದಾ?"

"ಡಾಕ್ಟ್ರಿಗೆ ಆಮೇಲೆ ನಾನೇ ಹೇಳ್ತೀನಿ. ಇದು ನಮ್ಮಿಬ್ಬರ ಸೀಕ್ರೆಟ್."

"ಹಂಗಾದ್ರೆ ನಾನ್ ನೋಡ್ಕೋತೀನಿ," ಎಂದಳು. ಯಾರನ್ನು ಎಂದು ಹೇಳಲಿಲ್ಲ.

ಸಂಜೆ ಮಗಳು ಬಂದಾಗ ಚಿಕ್ಕವನು ಬಾಗಿಲಲ್ಲೇ ವರದಿ ಒಪ್ಪಿಸಿದ. "ಅಜ್ಜಿ ಬೇರೆ ಪಾಪು ಕರ್ಕೊಂಡ್ ಹೋದ್ರು!" ಮಗಳು ನನ್ನ ಕಡೆ ತಿರುಗಿದಳು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡವಳು, "ಎಲ್ರೂ ಹಳದಿ ಟೋಪಿನೇ ಹಾಕಿದ್ರಮ್ಮ. ನಂಗೂ ಕನ್‌ಫ್ಯೂಸ್ ಆಯ್ತು," ಎಂದಳು. ಸಲೀಸಾಗಿ, ತಡವರಿಸದೆ. ಅವಳು ತಾಯಿಗೆ ಹೇಳಿದ ಮೊದಲ ಸುಳ್ಳು ಅದೇ ಇರಬೇಕು. ನನಗೋಸ್ಕರ ಹೇಳಿದಳು.

ಆದರೂ ಮಗಳ ಮನಸ್ಸಿನಲ್ಲಿ ಏನೋ ಉಳಿಯಿತು. ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ, ಸುಮ್ನೆ ಒಂದು ಸಲ ಟೆಸ್ಟ್ ಮಾಡಿಸೋಣ ಎಂದು ಮನೆಯ ಹತ್ತಿರದ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದಳು. ದೊಡ್ಡವಳೂ ಜೊತೆಗಿದ್ದಳು. ನಮಗಿಂತ ಮುಂಚೆ ಯಾರೋ ಒಳಗಿದ್ದರು, ನಾವು ಬೆಂಚಿನಲ್ಲಿ ಕಾಯಬೇಕಾಯಿತು. ಮಗಳು ಫೋನಿನಲ್ಲಿ ಮಾತನಾಡುತ್ತಾ ಬಾಗಿಲಾಚೆ ನಿಂತಿದ್ದಳು. ಎದುರಿನ ಗೋಡೆಯ ಮೇಲೆ, ದೀಪ ಹಚ್ಚಿದ ಪೆಟ್ಟಿಗೆಯಲ್ಲಿ, ಅಕ್ಷರಗಳ ಚಾರ್ಟು ಇದೆಯೆಂದು ಊಹಿಸಿದೆ.

"ಪುಟ್ಟಿ, ನೀನು ಎಷ್ಟ್ ಚೆನ್ನಾಗಿ ಓದ್ತೀಯ ನೋಡೋಣ. ಆ ಅಕ್ಷರಗಳನ್ನೆಲ್ಲಾ ಮೇಲಿಂದ ಕೆಳಗೆ ಓದು."

ಅವಳಿಗೆ ಅರ್ಥವಾಯಿತು. ಅದೇ ನನ್ನನ್ನು ಈಗ ಸುಡುವುದು. ನನ್ನ ಕಿವಿಗೆ ಬಾಯಿಟ್ಟು, ಒಂದೊಂದು ಸಾಲಿನ ಕೊನೆಯಲ್ಲೂ ನಿಂತು, ಪಿಸುದನಿಯಲ್ಲಿ ಓದಿದಳು. ಎರಡು ಸಲ ಓದಿದಳು. ಒಂದೇ ಸಾಕಿತ್ತು. ಕಣ್ಣು ಪರೀಕ್ಷೆ ಮಾಡುವವರು ಬಂದು ನನ್ನನ್ನು ಅದೇ ಚಾರ್ಟಿನ ಎದುರು ಕೂರಿಸಿ, ಬಲಗಣ್ಣು ಮುಚ್ಚಿ, ಎಡಗಣ್ಣು ಮುಚ್ಚಿ ಓದಿ ಮೇಡಂ ಎಂದರು. ಸ್ಕೂಲಿನ ಸ್ಟೇಜಿನ ಮೇಲೆ ನಿಂತವಳ ಹಾಗೆ ಒಪ್ಪಿಸಿದೆ. ಕೆಳಗಿನ ಸಾಲಿನಲ್ಲಿ, ಸಹಜವಾಗಿರಲೆಂದು, ಬೇಕೆಂದೇ ಒಂದು ಅಕ್ಷರ ತಪ್ಪಿದೆ. ಈ ವಯಸ್ಸಿಗೆ ಬಹಳ ಚೆನ್ನಾಗಿದೆ ಎಂದರು. ಗೆರೆಗಳೇನಾದರೂ ಡೊಂಕಾಗಿ ಕಾಣುತ್ತಾ ಎಂದೂ ಕೇಳಿದರು. ಅವರು ಕೇಳಿದ್ದರು, ಅವರ ತಪ್ಪು ಏನೂ ಇಲ್ಲ. ನಾಟ್ ಅಟ್ ಆಲ್ ಎಂದೆ.

ಮಗಳಿಗೆ ಎಷ್ಟು ನಿರಾಳವಾಯಿತೆಂದರೆ, ಬರುವ ದಾರಿಯಲ್ಲಿ ನಮ್ಮಿಬ್ಬರಿಗೂ ದೋಸೆ ಕೊಡಿಸಿದಳು. "ಸಾರಿ ಅಮ್ಮ, ಸುಮ್ನೆ ನಿನ್ಮೇಲೆ ಡೌಟ್ ಪಟ್ಟೆ," ಎಂದಳು. ದೊಡ್ಡವಳು ದೋಸೆ ಮುಟ್ಟಲಿಲ್ಲ. ಹೊಟ್ಟೆನೋವು ಎಂದಳು.

ಹೀಗೆ ಚಳಿಗಾಲ ಕಳೆಯಿತು. ವ್ಯಾನು ಮೂರಕ್ಕೆ ಬರುತ್ತಲೇ ಇತ್ತು. ನನಗೆ ಬೇಕಾದದ್ದು ನನಗೆ ಸಿಕ್ಕಿತ್ತು. ಆದರೆ ಅದು ಹಿಂದಿನ ಹಾಗಿರಲಿಲ್ಲ. ದೊಡ್ಡವಳು ಈಗ ನನ್ನ ತೊಡೆಗೆ ಒರಗಿ ಕೂರುತ್ತಿರಲಿಲ್ಲ. ಬಂದವಳೇ ಗ್ಯಾಸ್ ಆರಿದೆಯೇ ನೋಡುತ್ತಿದ್ದಳು. ಬಾಲ್ಕನಿಯ ಬಾಗಿಲಿಗೆ ಚಿಲಕ ಹಾಕುತ್ತಿದ್ದಳು. ತಮ್ಮನ ತಟ್ಟೆಯಲ್ಲಿ ಕೂದಲಿದ್ದರೆ ನಾನು ಕಾಣುವ ಮೊದಲು, ಅಂದರೆ ಕಾಣದಿರುವ ಮೊದಲು, ತೆಗೆದು ಹಾಕುತ್ತಿದ್ದಳು. ಆಟಕ್ಕೆ ಕೆಳಗಿನ ಮನೆಯ ಹುಡುಗಿಯರು ಕರೆದರೆ, ಬರಲ್ಲ, ಕೆಲ್ಸ ಇದೆ ಎನ್ನುತ್ತಿದ್ದಳು. ಏಳು ವರ್ಷದ ಹುಡುಗಿ. ನಾನು ಅದನ್ನೆಲ್ಲ ಕೇಳಿಸಿಕೊಂಡು, ಎಷ್ಟು ಜಾಣೆ ನನ್ನ ಕಂದ ಎಂದು ಹೊಗಳುತ್ತಿದ್ದೆ. ನನ್ನ ಬಾಯಿಂದ ಅಂಥ ಮಾತು ಹೇಗೆ ಬಂತೋ.

ಫೆಬ್ರವರಿಯಲ್ಲಿ ಅವಳ ಕ್ಲಾಸಿನವರನ್ನು ಎರಡು ದಿನದ ಕ್ಯಾಂಪಿಗೆ ಕರೆದುಕೊಂಡು ಹೋಗುವುದಿತ್ತು. ಅವಳು ಹೋಗುವುದಿಲ್ಲವೆಂದು ಹಟ ಹಿಡಿದಳು. ಟೀಚರು ಕೇಳಿದರೂ ಹೇಳಲಿಲ್ಲ. ಮಗಳು ಗದರಿದಳು, ಮುದ್ದು ಮಾಡಿದಳು, ಕೊನೆಗೆ ಒಂದೇಟು ಹಾಕಿದಳಂತೆ. ಆಗ ಅಳುತ್ತಾ ಎಲ್ಲವೂ ಹೊರಗೆ ಬಂತು: ನಾನು ಕ್ಯಾಂಪಿಗೆ ಹೋದ್ರೆ ಪಾಪುನ ಯಾರು ನೋಡ್ಕೋತಾರೆ, ಅಜ್ಜಿಗೆ ಕಾಣಲ್ಲ, ನಾನೇ ಚಾರ್ಟ್ ಓದಿ ಹೇಳ್ದೆ.

ಮಗಳು ಮರುದಿನ ಬೆಳಗ್ಗೆ ಒಬ್ಬಳೇ ಬಂದಳು. ಕಿರುಚುತ್ತಾಳೆ ಎಂದುಕೊಂಡಿದ್ದೆ. ಕಿರುಚಲಿಲ್ಲ. ಚಪ್ಪಲಿ ಕೂಡ ಬಿಡದೆ ಹಾಲಿನಲ್ಲಿ ನಿಂತಳು.

"ಕಣ್ಣು ಹೋಗಿದ್ದನ್ನ ಮುಚ್ಚಿಟ್ಟೆ, ಅದು ನಂಗರ್ಥ ಆಗುತ್ತಮ್ಮ. ಅವಳ ಕೈಲಿ ಸುಳ್ಳು ಹೇಳಿಸ್ದೆ. ಐದು ತಿಂಗಳು ಅವಳನ್ನ ಕಾವಲಿಗೆ ಹಾಕ್ಕೊಂಡೆ. ಅದು ಹೆಂಗಮ್ಮ ಮನಸ್ ಬಂತು?"

"ನೀವು ಬರೋದು ನಿಲ್ಲಿಸ್ತೀರಿ ಅಂತ..."

"ಗೊತ್ತು," ಎಂದಳು. "ನಿಲ್ಲಿಸ್ತಾ ಇರ್ಲಿಲ್ಲ ಅಂತ ನಾನೂ ಹೇಳಲ್ಲ."



ಆಸ್ಪತ್ರೆಯಲ್ಲಿ ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದ ಡಾಕ್ಟರು ಮೃದುವಾಗಿಯೇ ಮಾತನಾಡಿದರು. ಕಣ್ಣಿನ ಹಿಂದಿನ ಪರದೆಯ ನಡುಭಾಗದಲ್ಲಿ ಗಾಯವಾಗಿ ಒಣಗಿದೆಯಂತೆ. ಗೆರೆ ಡೊಂಕಾಗತೊಡಗಿದ ಹೊಸತರಲ್ಲಿ ಬಂದಿದ್ದರೆ ಇಂಜೆಕ್ಷನ್ ಕೊಟ್ಟು ಬಹಳಷ್ಟು ಉಳಿಸಿಕೊಳ್ಳಬಹುದಿತ್ತು ಎಂದರು. ನವೆಂಬರಿನಲ್ಲಿ ಬಂದಿದ್ದರೆ ಎಂದು ಮಗಳು ಕೇಳಿದಳು. ಆಗಲೂ ಸ್ವಲ್ಪ ಉಳಿಯುತ್ತಿತ್ತು ಎಂದರು. ಎಡಗಣ್ಣಿನ ಅಂಚಿನಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು, ಅದೂ ಎಷ್ಟು ದಿನವೋ ಹೇಳಲಾಗದು ಎಂದರು. ಮೇ ತಿಂಗಳಲ್ಲಿ ಅಲ್ಲೂ ರಕ್ತ ಒಸರಿತು. ಮಕ್ಕಳು ನನ್ನ ಬಳಿ ಇರಲೆಂದು ಕಣ್ಣನ್ನು ಬಲಿ ಕೊಟ್ಟೆ ಎಂದು ಹೇಳಿಕೊಂಡರೆ ದೊಡ್ಡ ಮಾತಾಗುತ್ತದೆ. ಎರಡನ್ನೂ ಉಳಿಸಿಕೊಳ್ಳಬಹುದಿತ್ತೇನೋ, ಎರಡನ್ನೂ ಕಳೆದುಕೊಂಡೆ.

ಮಕ್ಕಳು ಜೆ.ಪಿ. ನಗರದ ಒಂದು ಡೇ ಕೇರಿಗೆ ಸೇರಿದರು. ನನಗೆ ಬೆಳಗಿನಿಂದ ಸಂಜೆಯವರೆಗೆ ಇರಲು ಒಬ್ಬ ಹೆಂಗಸನ್ನು ಗೊತ್ತು ಮಾಡಿದರು. ಮಗಳು ವಾರಕ್ಕೊಮ್ಮೆ ಬರುತ್ತಾಳೆ, ಚಿಕ್ಕವನನ್ನು ಕರೆತರುತ್ತಾಳೆ. ದೊಡ್ಡವಳಿಗೆ ಹೋಮ್‌ವರ್ಕು, ಡ್ಯಾನ್ಸ್ ಕ್ಲಾಸು. ಬಂದರೂ ಅಡುಗೆಮನೆಯ ಕಡೆಯಿಂದ ಅವಳ ದನಿ ಕೇಳಿಸುತ್ತದೆ, ಹತ್ತಿರ ಬರುವುದು ಕಡಿಮೆ.

ಅವಳ ಮುಖವನ್ನು ನಾನು ಕೊನೆಯದಾಗಿ ನೋಡಿದ್ದು ಏಪ್ರಿಲ್ಲಿನ ಒಂದು ಶನಿವಾರ, ನನ್ನ ಮನೆಯಲ್ಲಿದ್ದ ಮಕ್ಕಳ ಸಾಮಾನು ತೆಗೆದುಕೊಂಡು ಹೋಗಲು ಬಂದಾಗ. ಮಗಳು ಒಳರೂಮಿನಲ್ಲಿ ಬಟ್ಟೆ, ಬಣ್ಣದ ಪೆಟ್ಟಿಗೆ, ಪಜಲ್ಲುಗಳನ್ನು ಬ್ಯಾಗಿಗೆ ತುಂಬುತ್ತಿದ್ದಳು. ದೊಡ್ಡವಳು ಬಾಲ್ಕನಿಯ ಬಾಗಿಲಲ್ಲಿ ಬಂದು ನಿಂತಳು. ಪಡುವಣದ ಬಿಸಿಲು ಅವಳ ಮೇಲೆ ನೇರವಾಗಿ ಬೀಳುತ್ತಿತ್ತು. ಅವಳ ಕಡೆ ನೋಡಿದೆ. ಫ್ರಾಕಿನ ಕಾಲರಿನ ಮೇಲೆ ಏನೂ ಇರಲಿಲ್ಲ. ಕತ್ತು ಹೊರಳಿಸಿ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದೆ. ಆಗ ಎಡಗಣ್ಣಿನ ಅಂಚಿಗೆ ಅವಳು ಬಂದಳು. ಮೇಲಿನ ಹಲ್ಲು ಹೊಸದಾಗಿ ಅರ್ಧ ಇಳಿದಿತ್ತು. ಬಿದ್ದದ್ದು ಯಾವಾಗ ಎಂದು ಯಾರೂ ನನಗೆ ಹೇಳಿರಲಿಲ್ಲ. ಕೂದಲು ಗಿಡ್ಡ ಮಾಡಿಸಿದ್ದರು. ಕಣ್ಣ ಕೆಳಗೆ, ಅಷ್ಟು ಪುಟ್ಟ ಮುಖದಲ್ಲಿ, ದೊಡ್ಡವರಿಗಿರುವಂಥ ಕಪ್ಪು.

"ಅಜ್ಜಿ, ನಾನ್ ಅಮ್ಮಂಗೆ ಹೇಳಿದ್ದಕ್ಕೆ ಕೋಪಾನಾ?"

"ಇಲ್ಲ ಕಂದ. ಖಂಡಿತ ಇಲ್ಲ."

"ಮತ್ತೆ ಯಾಕೆ ಆ ಕಡೆ ನೋಡ್ತಿದೀಯ?"

"ಈ ಕಡೆ ತಿರುಗಿದ್ರೇನೇ ನೀನು ಕಾಣೋದು ಪುಟ್ಟಿ. ನಿನ್ನನ್ನೇ ನೋಡ್ತಿದೀನಿ."

ಅವಳು ಯೋಚಿಸಿದಳು. ಯೋಚಿಸುವಾಗ ಕೆಳತುಟಿ ಒಳಗೆಳೆದುಕೊಂಡದ್ದು ಕಂಡಿತು. ಕಾಣ್ತು, ಕಾಣುತ್ತೆ ಎಂದು ಅವಳ ಎದುರಿಗೆ ಇದೇ ದನಿಯಲ್ಲಿ ಎಷ್ಟು ಸಲ ಹೇಳಿದ್ದೆನೋ.

"ಹ್ಞೂಂ," ಎಂದಳು, ದೊಡ್ಡವರಿಗೆ ಎದುರಾಡಬಾರದೆಂದು ಮಕ್ಕಳು ಅನ್ನುವ ಹಾಗೆ.

ಒಳಗಿನಿಂದ ಅವಳಮ್ಮ ಕರೆದಳು. ಅವಳು ಬಿಸಿಲಿನಿಂದ ಸರಿದು ಹೋದಳು. ನಾನು ಇನ್ನೂ ಕ್ಯಾಲೆಂಡರಿನ ಕಡೆಗೇ ಮುಖ ಮಾಡಿಕೊಂಡು ಕೂತಿದ್ದೆ.